ಅಂಟಿನ ಜಡೆ

ಜನವರಿ 4, ಶನಿವಾರ. ಮುಂಜಾನೆ

ರೊಟ್ಟಿ ಬಡಿದಾಯಿತು. ಪುಂಡಿಪಲ್ಯ ಒಲೆಯ ಮೇಲಿದೆ. ಸೊಸೆ ರಾಜೇಶ್ವರಿ ಹೊಲಕ್ಕೆ ಹೋದಳು, ಕಬ್ಬು ಕಡಿಯುವ ಗ್ಯಾಂಗು ಬಂದಿದೆ. ಮೊಮ್ಮಗಳು ರಾಧಿಕಾ ಪಡಸಾಲೆಯಲ್ಲಿ ಕುಳಿತು ಸ್ಟೀಲ್ ತಾಟೊಂದನ್ನು ದಿಟ್ಟಿಸುತ್ತಿದ್ದಾಳೆ. ಎಷ್ಟು ಹೊತ್ತಾಯಿತೋ. ಕಣ್ಣಿನಿಂದಲೇ ಸರಿಸಬೇಕಂತೆ. ಅದು ನಿನ್ನ ಪಾರ್ಟಲ್ಲವಲ್ಲ ಅಂದೆ. ಯಾರಿಗೆ ಗೊತ್ತು, ಬಂದರೂ ಬಂದೀತು ಅಂದಳು. ಕಣ್ಣಲ್ಲಿ ನೀರು ಬಂತು, ತಾಟು ಮಾತ್ರ ಅಲ್ಲೇ.

ಸಂಕೇಶ್ವರದ ಅಭಿಷೇಕ ಎಂಬ ಹುಡುಗ ಸಿನಿಮಾ ತೆಗೆಯುತ್ತಿದ್ದಾನೆ. ಲಗ್ನದ ವಿಡಿಯೋ ಮಾಡುವವ. ಇದು ಯೂಟ್ಯೂಬಿಗೆ ಬಿಡುವ ದೆವ್ವದ ಸಿನಿಮಾ — ಹೆಸರು ‘ಅಮಾಸಿ ಗೆಳತ್ಯಾರು’. ನಾಲ್ವರು ಹೈಸ್ಕೂಲು ಹುಡುಗಿಯರು ಗ್ರಹಣದ ದಿನ ಹಾಳು ಬಾವಿಯ ನೀರು ಕುಡಿಯುತ್ತಾರೆ, ಶಕ್ತಿ ಬರುತ್ತದೆ. ಒಬ್ಬಳು ಸಾಮಾನು ಸರಿಸುವವಳು, ಒಬ್ಬಳು ಬೆಂಕಿ ಹಚ್ಚುವವಳು, ಒಬ್ಬಳು ಹಾರುವವಳು. ನಮ್ಮವಳು ಸತ್ತವರ ಮಾತಾಡುವವಳು. ಒಂಬತ್ತನೇ ಇಯತ್ತೆಯ ಹುಡುಗಿ, ಇನ್ನೂ ರಾತ್ರಿ ಹಿತ್ತಲಿಗೆ ಹೋಗಲು ನನ್ನನ್ನು ಎಬ್ಬಿಸುತ್ತಾಳೆ.

ಅಕ್ಕಾ, ನೀನು ಹೋಗಿ ಐವತ್ತು ವರ್ಷದ ಮೇಲಾಯಿತು. ಆದರೂ ಬರೆಯಲು ಕುಳಿತರೆ ನಿನ್ನನ್ನೇ ಕರೆಯುತ್ತೇನೆ. ಅಕ್ಷರ ಕಲಿತದ್ದೇ ಮಗ ದುಂಡಪ್ಪನ ಪಾಟಿಯ ಮೇಲೆ, ಅವನು ಮಲಗಿದ ಮೇಲೆ. ಯಾರು ಓದಬೇಕಾಗಿದೆ ಇದನ್ನು. ನೀನಂತೂ ಶಾಲೆಯ ಮುಖ ನೋಡಿದವಳಲ್ಲ.

ಜನವರಿ 5, ಭಾನುವಾರ

ಮೇಲವಂಕಿಯ ಅರ್ಧ ಊರು ಇವತ್ತು ನಮ್ಮ ಹಳೆಯ ಗಾಣದ ಮನೆಯ ಮುಂದೆ. ಬೆಲ್ಲ ಕಾಯಿಸುವುದು ನಿಂತ ಮೇಲೆ ಅಲ್ಲಿ ಬಾವಲಿಗಳೇ ಇದ್ದವು. ಈಗ ಭೂತಬಂಗಲೆ.

ತಾಟು ಸರಿಯಿತು. ದಾರ ಕಟ್ಟಿ ಎಳೆದರು. ರಕ್ತ ಅಂದರೆ ಬೆಲ್ಲದ ಪಾಕಕ್ಕೆ ಕುಂಕುಮ. ಸತ್ತು ಬಿದ್ದ ಹುಡುಗಿಗೆ ಇರುವೆ ಮುತ್ತಿ, ಸತ್ತವಳು ಎದ್ದು ಓಡಿದಳು. ನಗುತ್ತ ನಗುತ್ತ ನನಗೆ ಕೆಮ್ಮು.

ರಾಧಿಕಾಳಿಗೆಂದು ತಂದ ವಿಗ್ಗು ಬಾವಿಯಲ್ಲಿ ಬಿತ್ತು. ಅಭಿಷೇಕ ತಲೆಯ ಮೇಲೆ ಕೈ ಹೊತ್ತು ಕುಳಿತ. ಆಮೇಲೆ ಅವನ ಕಡೆಯವರು ಒಂದು ಉಪಾಯ ಮಾಡಿದರು — ತೆಂಗಿನ ನಾರು, ಬೂದಿ, ಬಡಿಗೇರರ ಬಿಳಿ ಅಂಟು. ಹುಡುಗಿಯ ಕೂದಲಿಗೇ ಮೆತ್ತಿ ಹೊಸೆದರು. ಸಂಜೆಯ ಹೊತ್ತಿಗೆ ತಲೆಯಿಂದ ಐದಾರು ಹಗ್ಗ ಇಳಿಬಿದ್ದಿದ್ದವು.

ನಗು ನಿಂತಿತು ನನಗೆ. ಮನೆಗೆ ಬಂದುಬಿಟ್ಟೆ.

ಜನವರಿ 12, ಭಾನುವಾರ

ಇವತ್ತು ಗೋಕಾಕ ಫಾಲ್ಸಿಗೆ ಹೋಗಿದ್ದರು. ಹಾರುವ ಹುಡುಗಿ ಜಲಪಾತದ ಮೇಲೆ ಹಾರಬೇಕಿತ್ತು. ಜನವರಿಯಲ್ಲಿ ನೀರೆಲ್ಲಿ — ಬರೀ ಬಂಡೆ. ಕಂಪ್ಯೂಟರಿನಲ್ಲಿ ನೀರು ಬಿಡುತ್ತೇನೆ ಅಂದನಂತೆ.

ವಾರವಾಯಿತು ರಾಧಿಕಾ ತಲೆ ತೊಳೆದು. ತೊಳೆಯಬಾರದಂತೆ, ಒಂದು ದಿನ ಒಂದು ಥರ ಇನ್ನೊಂದು ದಿನ ಇನ್ನೊಂದು ಥರ ಕಾಣಬಾರದಂತೆ. ಶಾಲೆಗೆ ಓಢಣಿ ಸುತ್ತಿಕೊಂಡು ಹೋಗುತ್ತಾಳೆ. ಸಂಕ್ರಾಂತಿಗೆ ಬಿಚ್ಚಿಸುತ್ತೇವೆ ಅಂದಿದ್ದಾರೆ. ನನ್ನ ಮಗ್ಗುಲಲ್ಲೇ ಮಲಗುತ್ತಾಳೆ. ಆ ಕೂದಲು ಕೈಗೆ ತಾಗಿದರೆ ಎಚ್ಚರವಾಗುತ್ತದೆ. ಆಮೇಲೆ ನಿದ್ದೆಯಿಲ್ಲ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಎಳ್ಳು ಹಚ್ಚಿ ಎರೆಯಲು ಕುಳಿತೆವು. ಕೂದಲು ಬಿಚ್ಚಲಿಲ್ಲ. ಬಿಸಿನೀರು, ಶಾಂಪೂ, ಕೊಬ್ಬರಿ ಎಣ್ಣೆ, ಕೊನೆಗೆ ಸೀಮೆಎಣ್ಣೆ. ಹಣಿಗೆಯ ಹಲ್ಲು ಮುರಿದವು. ಅಂಟು ಕಲ್ಲಾಗಿದೆ. ರಾಧಿಕಾ ನೋವಿಗೆ ಅತ್ತಳು. ಅಭಿಷೇಕನಿಗೆ ಫೋನ್ ಹಚ್ಚಿದರೆ, ಕತ್ತರಿಸ್ರಿ, ಆಕಿ ಪಾರ್ಟ್ ಮುಗೀತಲ್ಲ ಅಂದ.

ರಾಜೇಶ್ವರಿ ಕತ್ತರಿ ತರಲು ಒಳಗೆ ಹೋದಳು. ಅಷ್ಟರಲ್ಲಿ ಬಾಜೂಮನೆಯ ಗೌರವ್ವ ಎಳ್ಳುಬೆಲ್ಲ ಕೊಡಲು ಬಂದಳು. ಹಿತ್ತಲಲ್ಲಿ ಒದ್ದೆ ಸೀರೆ ಸುತ್ತಿಕೊಂಡು, ಜಡೆಗಟ್ಟಿದ ಕೂದಲು ಬಿಟ್ಟುಕೊಂಡು, ಕಣ್ಣು ಕೆಂಪಗೆ ಮಾಡಿ ಕುಳಿತ ಹುಡುಗಿ. ಗೌರವ್ವನ ಕೈಯ ತಾಟು ಬಿತ್ತು.

ಅಂಟು ಗೌರವ್ವಾ, ಸಿನಿಮಾದ ಅಂಟು ಅಂತ ನಾನು ಹೇಳಿದೆ. ಕೇಳಲಿಲ್ಲ. ದೇವರ ಜಗಲಿಯಿಂದ ಎಲ್ಲಮ್ಮನ ಭಂಡಾರದ ಅರಿಶಿನ ತಂದು ಹುಡುಗಿಯ ಜಡೆಗೆ ಹಚ್ಚಿ ಕೈಮುಗಿದಳು.

“ಅಂಟು ನಾಲ್ಕೂ ಹುಡುಗ್ಯಾರಿಗೆ ಹಚ್ಚಿರಬೇಕಲ್ಲ ಯಕ್ಕಾ,” ಅಂದಳು. “ಇಕಿಗೇ ಯಾಕ ಕುಂತಿತು?”

ನಾಲ್ವರಿಗೂ ಹಚ್ಚಿರಲಿಲ್ಲ. ಇವಳೊಬ್ಬಳಿಗೇ. ಹೇಳುವಷ್ಟರಲ್ಲಿ ಓಣಿಯೆಲ್ಲ ಸುದ್ದಿ. ಭಂಡಾರ ಬಿದ್ದ ಜಡೆ. ಇನ್ನು ಅದಕ್ಕೆ ಯಾರು ಕತ್ತರಿ ಹಚ್ಚುತ್ತಾರೆ. ರಾಜೇಶ್ವರಿ ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ಜನವರಿ 15

ನಿನಗೆ ಹದಿಮೂರು. ನನಗೆ ಎಂಟು. ಮೈಮೇಲೆ ಗುಳ್ಳೆ ಎದ್ದು ತಿಂಗಳು ಮಲಗಿದ್ದಿ, ಕೂದಲು ಗಂಟಾಯಿತು. ಅಷ್ಟೇ ಆದದ್ದು. ಈಗ ತಿಳಿಯುತ್ತದೆ — ಒಂದು ಬಾಚಣಿಗೆ, ಎರಡು ದಿನದ ತಾಳ್ಮೆ. ಎಲ್ಲಮ್ಮ ಕರೆದಳು ಅಂದರು. ಹುಣ್ಣಿಮೆಗೆ ಗುಡ್ಡಕ್ಕೆ ಒಯ್ದು ಮುತ್ತು ಕಟ್ಟಿಸಿ ದೇವರಿಗೆ ಬಿಟ್ಟು ಬಂದರು. ನಿನಗೆ ಲಗ್ನವಿಲ್ಲ, ನಿನ್ನದೆನ್ನುವ ಮನೆಯಿಲ್ಲ. ಆಮೇಲೆ ಯಾರೋ ಸಾಂಗಲಿ ಕಡೆ ಕರೆದೊಯ್ದರು. ಅಲ್ಲಿ ಏನಾಯಿತು ಅಂತ ನೀನು ಹೇಳಲಿಲ್ಲ. ನನ್ನೆದುರಿಗೆ ಯಾರೂ ಹೇಳಲಿಲ್ಲ. ತಿರುಗಿ ಬಂದದ್ದು ಒಮ್ಮೆ, ಸಾಯಲಿಕ್ಕೆ. ಆಗ ಜಡೆ ಮೊಣಕಾಲಿನವರೆಗೆ. ಅದರ ಭಾರಕ್ಕೆ ಕುತ್ತಿಗೆ ಎತ್ತಲಾಗುತ್ತಿರಲಿಲ್ಲ. ಅರಿಶಿನ, ಎಣ್ಣೆ, ತೊಯ್ದ ಹಗ್ಗದ ವಾಸನೆ.

ಆ ವಾಸನೆ ಈಗ ಈ ಮನೆಯಲ್ಲಿದೆ.

ಜನವರಿ 24, ಶುಕ್ರವಾರ

ಬರೆಯಲಾಗಿರಲಿಲ್ಲ. ಮನೆ ತುಂಬ ಮಂದಿ. ಮಂಗಳವಾರ ಶುಕ್ರವಾರ ಹೆಣ್ಣುಮಕ್ಕಳು ಬರುತ್ತಾರೆ, ಮೂಡಲಗಿಯಿಂದ, ಮಸಗುಪ್ಪಿಯಿಂದ. ಕಾಯಿ, ಕುಬಸದ ಕಣ ತರುತ್ತಾರೆ. ರಾಧಿಕಾಳನ್ನು ಕಂಬಳಿಯ ಮೇಲೆ ಕೂಡಿಸುತ್ತಾರೆ. ಹೇಳಿಕೆ ಕೇಳುತ್ತಾರೆ.

ಮೊದಲ ದಿನ ಅವಳಿಗೆ ನಗು. ಏನು ಹೇಳಬೇಕೋ ತಿಳಿಯದೆ ಸಿನಿಮಾದ ಡೈಲಾಗ್ ಹೊಡೆದಳು, ಆ ಗೊಗ್ಗರು ದನಿಯಲ್ಲಿ. ಬಾವಿಯ ಬಾಯಿ ತೆರೆದೈತಿ. ಹಸಿದಾಕಿ ಬಾಗಿಲದಾಗ ನಿಂತಾಳ. ಎಲ್ಲ ಅಭಿಷೇಕ ಬರೆದದ್ದು, ನಾನೇ ಓದಿ ಹೇಳಿಕೊಟ್ಟದ್ದು. ಮಸಗುಪ್ಪಿಯ ಒಬ್ಬಳು, ಸತ್ತ ಅತ್ತೆಗೆ ಕೊನೆಗಾಲದಲ್ಲಿ ಅನ್ನ ಹಾಕದವಳಂತೆ, ಕುಸಿದು ಅತ್ತುಬಿಟ್ಟಳು. ಅವಳ ಅಳು ಕೇಳಿ ರಾಧಿಕಾಳ ನಗು ಹೋಯಿತು. ರಾತ್ರಿ ಊಟ ಮಾಡಲಿಲ್ಲ.

“ಆಯಿ, ನಾ ಸುಮ್ನ ಅಂದೆ. ಆಕಿಗೆ ಹೆಂಗ ಹತ್ತಿತು?”

ನನಗೇನು ಗೊತ್ತು ಮಗಳೇ.

ಜನವರಿ 28, ಮಂಗಳವಾರ

ಹುಕ್ಕೇರಿ ಕಡೆಯಿಂದ ಎಲ್ಲಮ್ಮನ ಜೋಗತಿ ಬಂದಿದ್ದಳು. ಕುತ್ತಿಗೆಯಲ್ಲಿ ಕೆಂಪು ಬಿಳಿ ಮುತ್ತು, ಕೈಯಲ್ಲಿ ಸ್ಮಾರ್ಟ್ ಫೋನ್. ಜಡೆಯನ್ನು ಹಿಡಿದು ನೋಡಿದಳು. ಅಂಟಿನ ಮಾತು ಹೇಳಿದೆ. ತಾಯಿಗೆ ಬರಲು ಯಾವ ದಾರಿಯಾದರೇನು ಅಂದಳು. ಭಾರತ ಹುಣ್ಣಿಮೆಗೆ ಹುಡುಗಿಯನ್ನು ಗುಡ್ಡಕ್ಕೆ ಕರೆತರಬೇಕು, ಅಲ್ಲಿಯವರೆಗೆ ಶಾಲೆ ಬೇಡ. ಮುತ್ತು ಕಟ್ಟುವ ಮಾತು ಯಾರೂ ಎತ್ತಲಿಲ್ಲ. ಕಾಯ್ದೆ ಇದೆ, ಎಲ್ಲರಿಗೂ ಗೊತ್ತು. ಅದಕ್ಕೇ ಎತ್ತಲಿಲ್ಲ. ಹೊರಡುವಾಗ ದುಂಡಪ್ಪನನ್ನು ಬೇವಿನ ಗಿಡದ ಕೆಳಗೆ ಕರೆದು ಬಹಳ ಹೊತ್ತು ಮಾತಾಡಿದಳು.

ಪೊಲೀಸರಿಗೆ ಹೇಳುತ್ತೇನೆ ಅಂದೆ ಮಗನಿಗೆ. ಅವನಿಗೆ ಸಿಟ್ಟು ಬರಲಿಲ್ಲ, ಅದೇ ಹೆದರಿಕೆಯಾಯಿತು. ಕಬ್ಬಿನ ಟ್ರ್ಯಾಕ್ಟರ್ ಪಲ್ಟಿಯಾಗಿ ಅವನು ಉಳಿದದ್ದು ಹೋದ ತಿಂಗಳು. ಅದನ್ನೇ ಹಿಡಿದುಕೊಂಡಿದ್ದಾನೆ.

“ಯವ್ವಾ, ಎಲ್ಲಮ್ಮ ನನ್ನ ಉಳಿಸ್ಯಾಳ. ಈಗ ಕೇಳಾಕತ್ತಾಳ. ಇಲ್ಲ ಅಂತ ಹೆಂಗ ಅನ್ಲಿ?”

ಮಗಳನ್ನು ಕೇಳಾಕತ್ತಾಳೇನೋ ಅಂದೆ. ಎದ್ದು ಹೋದ.

ಫೆಬ್ರವರಿ 2, ಭಾನುವಾರ

ಇವತ್ತು ಮನೆಯಲ್ಲಿ ನಾವಿಬ್ಬರೇ ಇದ್ದೆವು. ರಾಧಿಕಾ ಕತ್ತರಿ ಹುಡುಕಿ ತಂದು ನನ್ನ ಮಡಿಲಲ್ಲಿಟ್ಟು, ಬೆನ್ನು ತಿರುಗಿಸಿ ಕುಳಿತಳು. ತಾನೇ ಕತ್ತರಿಸಿಕೊಳ್ಳಲು ನೋಡಿದ್ದಳಂತೆ, ಕೈ ಬರಲಿಲ್ಲವಂತೆ.

ಜಡೆ ಎತ್ತಿ ಹಿಡಿದೆ. ಕತ್ತರಿ ಬಾಯಿ ತೆರೆದೆ. ಬೆರಳು ಮರಗಟ್ಟಿದವು ಅಕ್ಕಾ. ಹಿಡಿದದ್ದು ನಿನ್ನ ಜಡೆ ಅನಿಸಿತು. ಅದೇ ಭಾರ. ಬರೀ ನಾರು, ಬರೀ ಅಂಟು — ಅಷ್ಟು ಭಾರ ಎಲ್ಲಿಂದ ಬರಬೇಕು.

ಹುಡುಗಿ ತಿರುಗಿ ನನ್ನ ಕೈ ನೋಡಿದಳು. ಆಮೇಲೆ ತಾನೇ ಕತ್ತರಿ ತೆಗೆದಿಟ್ಟಳು. ಬಿಡು ಆಯಿ ಅಂದಳು.

ಫೆಬ್ರವರಿ 8, ಶನಿವಾರ

ನಿನ್ನೆಯದು ಬರೆಯಬೇಕು. ನೆನಪು ಇದ್ದಷ್ಟು.

ನಿನ್ನೆ ಶುಕ್ರವಾರ, ಉಡಿ ತುಂಬುವ ದಿನ. ಅದಾದರೆ ಮುಗಿಯಿತು, ಹುಣ್ಣಿಮೆಗೆ ಹೊರಟಂತೆಯೇ. ಹಸಿರು ಸೀರೆ, ಹಸಿರು ಬಳೆ, ಐದು ಮಂದಿ ಮುತ್ತೈದೆಯರು. ಜೋಗತಿ ಚೌಡಕಿ ಬಾರಿಸುವವರನ್ನೂ ಕರೆತಂದಿದ್ದಳು. ಎಲ್ಲಿಂದ ಸುದ್ದಿ ಹೋಯಿತೋ, ಅಭಿಷೇಕನೂ ಕ್ಯಾಮೆರಾ ಹೊತ್ತು ಬಂದ. ಅವನ ಸಿನಿಮಾದ ಕೊನೆಗೆ ಇಂಥದೇ ಜನಜಾತ್ರೆ ಬೇಕಾಗಿತ್ತು, ಪುಕ್ಕಟೆ ಸಿಕ್ಕಿತು. ಬೈದು ಕಳಿಸುತ್ತಾರೆ ಅಂದುಕೊಂಡೆ. ಜೋಗತಿ ಕ್ಯಾಮೆರಾ ನೋಡಿ ಸೆರಗು ಸರಿಮಾಡಿಕೊಂಡಳು. ಅವನು ಹೋಗಿ ರಾಧಿಕಾಳ ಕಿವಿಯಲ್ಲಿ ಏನೋ ಹೇಳಿಕೊಟ್ಟು ಬಂದ.

ನಾನು ಹುಡುಗಿಯ ಹಿಂದೆ ನಿಂತಿದ್ದೆ, ಹೆಗಲ ಮೇಲೆ ಕೈಯಿಟ್ಟು. ಲೋಬಾನದ ಹೊಗೆ. ಉಧೋ ಉಧೋ ಎಂಬ ಕೂಗು. ಜೋಗತಿ ಅಕ್ಕಿ ಹಿಡಿದು ಬಗ್ಗಿದಳು. ರಾಧಿಕಾಳ ತಲೆ ತೂಗಲು ಹತ್ತಿತು. ತುಟಿ ಅಲುಗಿದವು, ಬಗ್ಗಿ ಬಾಜೂದಿಂದ ಕಂಡೆ.

ಆಗ ಬಂತು ದನಿ. ಗೊಗ್ಗರಲ್ಲ, ಸಿನಿಮಾದ್ದಲ್ಲ. ಕಿವಿಯ ಹತ್ತಿರವೇ ಬಂದಂತೆ. ನಿನ್ನ ದನಿ ಅಕ್ಕಾ.

“ಕಾಶೀ. ನನ್ನ ಕೂದಲಾ ಯಾರೂ ಕತ್ತರಸಲಿಲ್ಲ. ಇಕಿದು ಕತ್ತರಸ್ರಿ.”

ಕಾಶೀ ಅಂತ ನನ್ನನ್ನು ಕರೆದವಳು ನೀನೊಬ್ಬಳೇ. ಹುಟ್ಟಿದಂದಿನಿಂದ ಊರಿಗೆಲ್ಲ ನಾನು ಕಾಶೆವ್ವ.

ಆಮೇಲೆ ನೆನಪಿಲ್ಲ. ಹೊಗೆಗೆ ತಲೆ ತಿರುಗಿತೋ ಏನೋ. ಎಚ್ಚರವಾದಾಗ ಒಳಗೆ ಹಾಸಿಗೆಯ ಮೇಲಿದ್ದೆ. ಗೋಡೆಯ ಬಿಸಿಲು ಸರಿದು ಹೋಗಿತ್ತು. ರಾಧಿಕಾ ನನ್ನ ಕಾಲ ಹತ್ತಿರ ಕುಳಿತಿದ್ದಳು. ತಲೆ ಗಂಡುಹುಡುಗರ ಹಾಗೆ. ರಾಜೇಶ್ವರಿಯೇ ಎಲ್ಲರೆದುರು ಕತ್ತರಿಸಿದಳಂತೆ. ಜೋಗತಿ ತಡೆಯಲಿಲ್ಲವಂತೆ. ಜಡೆಗಳನ್ನು ಹಸಿರು ಸೀರೆಯಲ್ಲಿ ಸುತ್ತಿ ದುಂಡಪ್ಪನೇ ಹೊಳೆಗೆ ಬಿಟ್ಟು ಬಂದನಂತೆ.

ರಾಧಿಕಾಳ ತಲೆ ಸವರಿದೆ. ಎಷ್ಟು ಸಣ್ಣ ತಲೆ.

ಫೆಬ್ರವರಿ 12, ಬುಧವಾರ. ಭಾರತ ಹುಣ್ಣಿಮೆ

ಇವತ್ತು ರಾಧಿಕಾಳಿಗೆ ಗಣಿತದ ಟೆಸ್ಟು. ಗುಡ್ಡಕ್ಕಲ್ಲ, ಶಾಲೆಗೆ ಹೋದಳು. ಕ್ಲಾಸಿನಲ್ಲಿ ಅವಳಿಗೆ ಬಾಬ್‌ಕಟ್ ಎಲ್ಲಮ್ಮ ಅಂತ ಹೆಸರಿಟ್ಟಿದ್ದಾರಂತೆ. ಇಟ್ಟವಳಿಗೆ ಒಂದು ಬಿಟ್ಟು ಬಂದಳಂತೆ. ಕೇಳಿ ಸಮಾಧಾನವಾಯಿತು.

ನನ್ನ ಗಂಟಲು ಇನ್ನೂ ಕಟ್ಟಿದೆ. ಹೊಗೆಯ ಪ್ರತಾಪ. ನೀರು ಕುಡಿದಷ್ಟೂ ದಾಹ.

ಮಂದಿ ಬದಲಾಗಿದ್ದಾರೆ. ಗೌರವ್ವ ಮುಂಜಾನೆ ಹಾಲು ತಂದಿಟ್ಟು, ನನ್ನ ಮುಖ ನೋಡದೆ ಹೋದಳು. ಅಂಗಡಿಗೆ ಹೋದರೆ ನಿಂತವರು ದಾರಿ ಬಿಟ್ಟರು. ದುಂಡಪ್ಪ ನಾನು ಬಂದರೆ ಎದ್ದು ನಿಲ್ಲುತ್ತಾನೆ. ಜೋಗತಿ ಅವತ್ತು ಹೊರಡುವಾಗ, ಎಚ್ಚರವಿಲ್ಲದೆ ಮಲಗಿದ್ದ ನನ್ನ ಪಾದ ಮುಟ್ಟಿ ಹೋದಳಂತೆ. ವಯಸ್ಸಿಗೆ ಮರ್ಯಾದೆ ಅಂದುಕೊಂಡೆ. ವಯಸ್ಸು ಹೋದ ವಾರವೂ ಇತ್ತಲ್ಲ.

ರಾಧಿಕಾಳನ್ನು ಕೇಳಬೇಕು. ಕಾಶೀ ಅನ್ನುವ ಹೆಸರು ಅವಳಿಗೆ ಯಾರು ಹೇಳಿದರು. ಕೇಳಲು ಬಾಯಿ ಬರುವುದಿಲ್ಲ. ಯಾರೂ ಹೇಳಿಲ್ಲ ಅಂದರೆ?

ಫೆಬ್ರವರಿ 23, ಭಾನುವಾರ. ಸಂಕೇಶ್ವರದಿಂದ ಬಂದು

ಕೈಕಾಲು ತೊಳೆಯದೆ ಬರೆಯಲು ಕುಳಿತಿದ್ದೇನೆ.

ರಾಧಿಕಾಳನ್ನು ಡಬ್ಬಿಂಗಿಗೆ ಕರೆದಿದ್ದರು. ನಾನೂ ರಾಜೇಶ್ವರಿಯೂ ಜೊತೆಗೆ ಹೋದೆವು. ಅಭಿಷೇಕನ ಫೋಟೋ ಸ್ಟುಡಿಯೋದ ಹಿಂದೆ ಒಂದು ಸಣ್ಣ ಕೋಣೆ, ಗೋಡೆಗೆಲ್ಲ ಹಾಸಿಗೆ ಬಡಿದಿದ್ದಾರೆ. ಶೂಟಿಂಗಿನಲ್ಲಿ ಇವರು ದನಿ ಹಿಡಿಯುವುದೇ ಇಲ್ಲವಂತೆ. ಚಿತ್ರ ನೋಡುತ್ತ ಆಮೇಲೆ ಕೂಡಿಸುವುದಂತೆ. ಹುಡುಗಿ ಚೆನ್ನಾಗಿ ಮಾಡಿದಳು. ಕೊನೆಗೆ ಉಡಿ ತುಂಬುವ ದಿನದ್ದು ಬಂತು. ಅವಳು ಮೈಕಿನಿಂದ ಹಿಂದೆ ಸರಿದು ನಿಂತಳು. ಹೇಳವ್ವಾ, ಅವತ್ತು ಹೇಳಿದ್ದು ಅಂದೆ.

“ನಾ ಏನೂ ಹೇಳಿಲ್ಲ ಆಯಿ. ಸರ್ ಹೇಳಿದ್ರಲ್ಲ, ಬರೇ ತುಟಿ ಅಳ್ಳಾಡ್ಸು, ಧ್ವನಿ ಆಮ್ಯಾಲ ಹಾಕ್ತೇನಿ ಅಂತ.”

ಮತ್ತೆ ಮಾತಾಡಿದ್ದು ಯಾರು ಅಂದೆ. ಅವಳು ತಾಯಿಯ ಮುಖ ನೋಡಿದಳು. ಅಭಿಷೇಕ ನಕ್ಕ, ಟಿವಿಯಲ್ಲಿ ಚಿತ್ರ ಬಿಟ್ಟ.

ಮುಂದೆ ರಾಧಿಕಾ, ಮೀನಿನ ಹಾಗೆ ತುಟಿ ಅಲುಗಿಸುತ್ತಾಳೆ. ಅವಳ ಹಿಂದೆ ಒಬ್ಬ ಮುದುಕಿ. ತುರುಬು ಬಿಚ್ಚಿದೆ. ಕುತ್ತಿಗೆ ಒಂದು ಕಡೆ ಬಾಗಿದೆ, ತಲೆಯ ಮೇಲೆ ಏನೋ ಭಾರ ಹೊತ್ತವಳ ಹಾಗೆ. ಕಣ್ಣು ತೆರೆದೇ ಇವೆ. ಬಾಯಿ ಮಾತಾಡುತ್ತಿದೆ. ಎದುರಿಗೆ ಜೋಗತಿ ಅಕ್ಕಿ ಚೆಲ್ಲಿ ಹಿಂದೆ ಸರಿಯುತ್ತಾಳೆ. ದುಂಡಪ್ಪ ಮೊಣಕಾಲೂರುತ್ತಾನೆ. ಎಲ್ಲರೂ ನೋಡುತ್ತಿರುವುದು ಹುಡುಗಿಯನ್ನಲ್ಲ, ಆ ಮುದುಕಿಯನ್ನು.

ಅದು ನಾನು.

ಆಯಿ, ಆ್ಯಕ್ಟಿಂಗ್ ಅಂದ್ರ ನಿಮ್ದು ನೋಡ್ರಿ ಅಂದ ಅಭಿಷೇಕ. ಮೊಮ್ಮಗಳನ್ನು ಉಳಿಸಲು ನಾಟಕ ಮಾಡಿದೆ ಅಂತ ತಿಳಿದಿದ್ದಾನೆ. ನಿಮ್ಮ ದನಿ ನೀವೇ ಡಬ್ ಮಾಡಬೇಕು ಅಂದ. ಮೈಕಿನ ಮುಂದೆ ನಿಂತು ಆ ಮೂರು ಮಾತು ಹೇಳಿದೆ. ಕರ್ಕಶ, ನನ್ನದೇ ದನಿ, ಮುದುಕಿಯದು. ಅದಲ್ಲ.

ಮೂರು ಮಾತು ಮುಗಿದವು. ಟಿವಿಯ ಮೇಲೆ ನನ್ನ ಬಾಯಿ ಮುಗಿಯಲಿಲ್ಲ. ಆಡುತ್ತಲೇ ಇತ್ತು. ರಾಜೇಶ್ವರಿ ಕತ್ತರಿ ತಂದಳು, ಒಂದೊಂದೇ ಜಡೆ ಬಿತ್ತು, ಇನ್ನೂ ಆಡುತ್ತಿತ್ತು. ಗೌರವ್ವ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಕೊನೆಯ ಜಡೆ ಬಿದ್ದ ಮೇಲೆ ಮುದುಕಿಯ ಕುತ್ತಿಗೆ ನೆಟ್ಟಗಾಯಿತು. ಆಮೇಲೆ ಬಿದ್ದಳು.

ಇಷ್ಟೆಲ್ಲ ಏನು ಹೇಳಿದಿ ಅಕ್ಕಾ? ಊರೆಲ್ಲ ಕೇಳಿದೆ. ನನ್ನ ಬಾಯಿಂದಲೇ ಬಂದಿದೆ. ನಾನೊಬ್ಬಳೇ ಕೇಳಲಿಲ್ಲ.

ಫೆಬ್ರವರಿ 24, ಸೋಮವಾರ. ಮಧ್ಯಾಹ್ನ

ಗೌರವ್ವನ ಮನೆಗೆ ಹೋಗಿ ಕೇಳಿದೆ. ಕೈಮುಗಿದು ಒಳಗೆ ಹೋದಳು. ದುಂಡಪ್ಪ ತಲೆ ಎತ್ತಲಿಲ್ಲ. ನಾಳೆ ಮಂಗಳವಾರ, ಮಸಗುಪ್ಪಿಯವರು ಬರುತ್ತೇವೆ ಅಂತ ಹೇಳಿ ಕಳಿಸಿದ್ದಾರೆ. ಈ ಸಲ ನನ್ನ ಹತ್ತಿರ. ಬರಬೇಡಿರಿ ಅಂದರೆ ಕೇಳುತ್ತಾರೋ ಇಲ್ಲವೋ.

ರಾಧಿಕಾ ಶಾಲೆಗೆ ಹೋಗುವ ಮುಂಚೆ ಕೇಳಿದ್ದಕ್ಕೆ, ತಾನು ಅಳುತ್ತಿದ್ದೆ, ಪೂರಾ ತಿಳಿಯಲಿಲ್ಲ ಅಂದಳು. ಸಾಂಗಲಿಯ ಹೆಸರು ಬಂತು ಅಂದಳು. ಒಂದು ಕೂಸಿನ ಮಾತೂ ಬಂತಂತೆ.

ಕೂಸು. ನನಗೆ ಯಾರೂ ಹೇಳಿಲ್ಲ.

ಉಳಿದವಳು ರಾಜೇಶ್ವರಿ. ರೊಟ್ಟಿಗೆ ಶೇಂಗಾ ಹಿಂಡಿ ಕುಟ್ಟುತ್ತಿದ್ದಳು. ಎದುರಿಗೆ ಕುಳಿತೆ. ಅದು ಖರೆಯೋ, ನಾನೇ ಏನಾದರೂ ಮಾಡಿಕೊಂಡೆನೋ, ನಿನಗೇನು ಅನಿಸಿತು ಅಂತ ಕೇಳಿದೆ. ಕುಟ್ಟುವುದು ನಿಲ್ಲಿಸಲಿಲ್ಲ.

“ಅತ್ತಿ, ನೀವು ನಾಟಕಾ ಮಾಡಿದ್ರೂ ನನಗ ಅಷ್ಟ, ಖರೇನ ಬಂದಿದ್ರೂ ಅಷ್ಟ. ನನ್ನ ಮಗಳು ಸಾಲಿಗಿ ಹೊಂಟಾಳ.”

ಆಕೆ ನನ್ನ ಅಕ್ಕ, ನಾನು ಕೇಳಬೇಕು ಅಂದೆ. ಕೇಳಿದರೆ ನಿಮಗೆ ನಿದ್ದೆ ಹತ್ತುವುದಿಲ್ಲ ಅಂದಳು. ಈಗೇನು ಹತ್ತುತ್ತದೆ ಅಂದೆ.

ಒನಕೆ ಬದಿಗಿಟ್ಟಳು. ಕೈ ತೊಳೆದು ಬಂದಳು. ಹಗಲು ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿ ನನ್ನ ಮಗ್ಗುಲಲ್ಲಿ ಕುಳಿತಿದ್ದಾಳೆ. ಬರಕೊಳ್ರಿ ಅತ್ತಿ, ಎರಡನೇ ಸಲ ಹೇಳಾಕ ನನ್ನ ಕಡಿಂದ ಆಗೂದಿಲ್ಲ ಅಂದಳು. ಬರೆಯುತ್ತಿದ್ದೇನೆ.

ಅಕ್ಕಾ, ನೀನು ಹೇಳಿದ್ದು ಇದಂತೆ —